ಎಲ್ಡನ್ ರಿಂಗ್ ನನಗೆ ಹಿಡಿಸ್ತಿಲ್ಲ, ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 34 ವರ್ಷ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕಂದಿನಿಂದ ವಿಡಿಯೋ ಗೇಮ್ ಅಂದ್ರೆ ಪ್ರಾಣ. ಈಗ ಮಗು ಮಲಗಿದ ಮೇಲೆ ರಾತ್ರಿ ಒಂದು ಗಂಟೆ ಸಿಕ್ಕಿದರೆ ಹೆಚ್ಚು. ಚಿಕ್ಕಪ್ಪನ ಮಗ ಒತ್ತಾಯ ಮಾಡಿದ ಅಂತ ಪಿಎಸ್5ಗೆ ಎಲ್ಡನ್ ರಿಂಗ್ ಡಿಸ್ಕ್ ತಗೊಂಡೆ. ಕುದುರೆ ಮೇಲೆ ಸುತ್ತಾಡೋದು, ಪಾಳುಬಿದ್ದ ಊರು ಕೋಟೆ ನೋಡೋದು ತುಂಬಾ ಇಷ್ಟವಾಯಿತು. ಆದರೆ ಕೋಟೆ ಬಾಗಿಲಲ್ಲಿ ಮಾರ್ಗಿಟ್ ಅನ್ನೋ ಬಾಸ್ (ದಾರಿ ತಡೆಯುವ ದೊಡ್ಡ ಶತ್ರು) ಹತ್ತಿರ ಎರಡು ವಾರದಿಂದ ಸಿಕ್ಕಿಕೊಂಡಿದ್ದೇನೆ. ದಿನಾ ಸಾಯೋದು, ಸಿಟ್ಟು ಮಾಡಿಕೊಂಡು ಮಲಗೋದು, ನಿದ್ದೆ ಬರದೆ ಹೊರಳಾಡೋದು. ತಮ್ಮ ಮಾತ್ರ 'ಇದು ಆಡೋಕೆ ಆಗಲ್ಲ ಅಂದ್ರೆ ನೀನು ಗೇಮರ್ರೇ ಅಲ್ಲ ಬಿಡಣ್ಣ' ಅಂತಾನೆ. ನನಗೆ ವಯಸ್ಸಾಯಿತಾ? ಮುಂದುವರಿಸಲಾ, ಡಿಸ್ಕ್ ಮಾರಿಬಿಡಲಾ? ಇಂಥ ಆಟಗಳನ್ನು ಕೊಳ್ಳುವ ಮೊದಲೇ ಗುರುತಿಸೋದು ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಬಿಡಬಹುದು. ಒಂದು ಆಟ ಹಿಡಿಸಲಿಲ್ಲ ಅಂದರೆ ಅದನ್ನು ಮುಗಿಸಲೇಬೇಕು ಅನ್ನುವ ಋಣ ಯಾರಿಗೂ ಇಲ್ಲ. ವಯಸ್ಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಡಿಸ್ಕ್ ಮಾರುವ ಮೊದಲು ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಸುತ್ತಾಡೋದು ಇಷ್ಟವಾಯಿತು ಅಂತೀರಿ. ಸಿಟ್ಟಿನಿಂದ ನಿದ್ದೆ ಬರಲ್ಲ ಅಂತಲೂ ಅಂತೀರಿ. ಎರಡೂ ಒಂದೇ ಆಟದಿಂದ ಬಂದಿವೆ. ಹಾಗಾಗಿ 'ನನಗೆ ಕಷ್ಟದ ಆಟ ಆಗಲ್ಲ' ಅಂತ ಸಾರಾಸಗಟಾಗಿ ತೀರ್ಮಾನ ಮಾಡಬೇಡಿ. ಅದರಲ್ಲಿ ನಿಮಗೆ ಆಗದೇ ಇರುವುದು ಯಾವುದು ಅಂತ ಹುಡುಕೋಣ.

ಇಂಥ ಆಟಗಳ ಬಗ್ಗೆ ಮಾತಾಡುವಾಗ ಜನ ಎರಡು ಬೇರೆ ಬೇರೆ ವಿಷಯಗಳನ್ನು ಒಟ್ಟಿಗೆ ಸೇರಿಸಿಬಿಡುತ್ತಾರೆ. ಒಂದು ಕಷ್ಟ. ಗೆಲ್ಲೋಕೆ ಎಷ್ಟು ಚುರುಕು ಬೇಕು, ಎಷ್ಟು ಅಭ್ಯಾಸ ಬೇಕು ಅನ್ನೋದು. ಇನ್ನೊಂದು ಶಿಕ್ಷೆ. ಸೋತರೆ ನಿಮ್ಮಿಂದ ಎಷ್ಟು ಕಿತ್ತುಕೊಳ್ಳುತ್ತದೆ ಅನ್ನೋದು. ಇವೆರಡೂ ಜೊತೆಯಲ್ಲೇ ಬರಬೇಕು ಅಂತೇನಿಲ್ಲ. ಹಾವು ಏಣಿ ಆಟದಲ್ಲಿ ಕಷ್ಟ ಅನ್ನೋದೇ ಇಲ್ಲ, ದಾಳ ಉರುಳಿಸೋಕೆ ಯಾವ ಜಾಣತನ ಬೇಕು? ಆದರೆ ಮೇಲಿನ ಸಾಲಿನಲ್ಲಿ ಹಾವು ಕಚ್ಚಿದರೆ ಸೀದಾ ಕೆಳಗೆ. ಅಲ್ಲಿರುವುದೆಲ್ಲ ಶಿಕ್ಷೆಯೇ. ಚೌಕಾಬಾರದಲ್ಲಿ ಕಾಯಿ ಇನ್ನೇನು ಹಣ್ಣಾಗಬೇಕು ಅನ್ನುವಾಗ ಎದುರಿನವರು ಹೊಡೆದರೆ ಅದು ಮತ್ತೆ ಮೊದಲಿನ ಮನೆಗೇ ಹೋಗಬೇಕು. ಚಿಕ್ಕಂದಿನಲ್ಲಿ ಆ ಒಂದು ಏಟಿಗೆ ಮುನಿಸಿಕೊಂಡು ಎದ್ದು ಹೋದವರು ಎಷ್ಟು ಜನ!

ಇದಕ್ಕೆ ಪೂರ್ತಿ ಉಲ್ಟಾ ಇರುವುದು 2018ರಲ್ಲಿ ಬಂದ ಸೆಲೆಸ್ಟ್. ಮ್ಯಾಡಲಿನ್ ಅನ್ನೋ ಹುಡುಗಿ ಬೆಟ್ಟ ಹತ್ತುವ ಆಟ ಅದು. ತುಂಬಾ ಕಷ್ಟ. ಒಂದು ಬಟನ್ ಸ್ವಲ್ಪ ತಡವಾಗಿ ಒತ್ತಿದರೂ ಮುಳ್ಳಿನ ಮೇಲೆ ಬೀಳುತ್ತೀರಿ. ಆದರೆ ಬಿದ್ದ ಮರುಕ್ಷಣ ಅದೇ ಪರದೆಯ ಶುರುವಿನಲ್ಲಿ ನಿಂತಿರುತ್ತೀರಿ. ಕಳೆದುಕೊಂಡದ್ದು ಕೆಲವೇ ಸೆಕೆಂಡು. ಎಷ್ಟು ಸಲ ಸತ್ತಿರಿ ಅಂತ ಆಟ ಲೆಕ್ಕ ಇಡುತ್ತದೆ, ಆ ಲೆಕ್ಕದ ಬಗ್ಗೆ ಹೆಮ್ಮೆ ಪಡಿ, ಸತ್ತಷ್ಟೂ ಕಲಿಯುತ್ತಿದ್ದೀರಿ ಅಂತ ಅದೇ ಹೇಳುತ್ತದೆ. ಕಷ್ಟ ಅಂದ್ರೆ ಆಗಲ್ಲ ಅನ್ನುವ ಎಷ್ಟೋ ಜನ ಈ ಆಟವನ್ನು ಖುಷಿಯಾಗಿ ಮುಗಿಸಿದ್ದಾರೆ. ಅವರಿಗೆ ಬೇಡವಾಗಿದ್ದು ಕಷ್ಟವಲ್ಲ, ಕಳೆದುಕೊಳ್ಳೋದು.

ನಿಮ್ಮದೂ ಇದೇ ಅಂತ ನನ್ನ ಅಂದಾಜು. ಒಂದು ಗಂಟೆ ಸಮಯ ಇರುವವರಿಗೆ ಒಂದು ಗಂಟೆ ಕಳೆದುಕೊಂಡರೆ ಆ ದಿನವೇ ಹೋಯಿತು. ಕಾಲೇಜು ಹುಡುಗನಿಗೆ ಭಾನುವಾರ ಇಡೀ ದಿನ ಇರುತ್ತದೆ, ಅದೇ ಗಂಟೆ ಅವನಿಗೆ ಲೆಕ್ಕಕ್ಕೇ ಇಲ್ಲ. ಆಟ ಇಬ್ಬರಿಗೂ ಒಂದೇ ಶಿಕ್ಷೆ ಕೊಡುತ್ತದೆ, ಆದರೆ ಅದರ ಬೆಲೆ ಇಬ್ಬರಿಗೂ ಒಂದೇ ಅಲ್ಲ. ನಿಮ್ಮ ತಮ್ಮನಿಗೆ ಇದು ಕಾಣುತ್ತಿಲ್ಲ.

ಇನ್ನು ಗೇಮರ್ರೇ ಅಲ್ಲ ಅನ್ನುವ ಮಾತು. ಎಲ್ಡನ್ ರಿಂಗ್ ಮಾಡಿದ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2009ರಲ್ಲಿ ಡೀಮನ್ಸ್ ಸೋಲ್ಸ್ ಅನ್ನೋ ಆಟ ತಂದಿತ್ತು. ಈ ಇಡೀ ಪರಂಪರೆ ಶುರುವಾಗಿದ್ದೇ ಅಲ್ಲಿಂದ. ಆಗ ಸೋನಿಯ ಎಲ್ಲ ಗೇಮ್ ಸ್ಟುಡಿಯೋಗಳ ಮುಖ್ಯಸ್ಥರಾಗಿದ್ದವರು ಶುಹೇಯ್ ಯೋಶಿದಾ. ಬಿಡುಗಡೆಗೆ ಮುಂಚೆ ಅವರು ಅದನ್ನು ಸುಮಾರು ಎರಡು ಗಂಟೆ ಆಡಿದರು. ಶುರುವಿನ ಜಾಗ ದಾಟಲೂ ಆಗಲಿಲ್ಲ. ಇದು ನಂಬಲಾಗದಷ್ಟು ಕೆಟ್ಟ ಆಟ ಅಂತ ಅಲ್ಲೇ ಬದಿಗಿಟ್ಟರು. ಜಪಾನಿನಲ್ಲಿ ಸೋನಿಯೇ ಅದನ್ನು ಹೊರತಂದಿತು, ಆದರೆ ಅಮೆರಿಕದಲ್ಲಿ ತರುವ ಗೋಜಿಗೆ ಹೋಗಲಿಲ್ಲ. ಅಲ್ಲಿ ಅಟ್ಲಸ್ ಅನ್ನೋ ಬೇರೆ ಕಂಪನಿ ತಂದಿತು, ಆಟ ಹೆಸರು ಮಾಡಿತು. ಬಿಟ್ಟದ್ದು ತಪ್ಪಾಯಿತು ಅಂತ ಯೋಶಿದಾ ಆಮೇಲೆ ಹೇಳಿದ್ದುಂಟು. ವ್ಯಾಪಾರದಲ್ಲಿ ಅವರ ಲೆಕ್ಕ ತಪ್ಪಿರಬಹುದು. ಆದರೆ ಆ ಎರಡು ಗಂಟೆಯಲ್ಲಿ ಅವರಿಗೆ ಆದದ್ದು ನಿಜವೇ ತಾನೇ? ಬದುಕಿಡೀ ಆಟಗಳ ಜೊತೆಗೇ ಕಳೆದ ಮನುಷ್ಯ ಅವರು. ಅವರನ್ನು ಗೇಮರ್ ಅಲ್ಲ ಅನ್ನೋಕೆ ಆಗುತ್ತಾ?

ಅಷ್ಟೇ ಅಲ್ಲ. ಈ ಆಟಗಳ ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ ಕೂಡ ತಾವು ಅಂಥ ಪಳಗಿದ ಆಟಗಾರನಲ್ಲ, ಆಟದಲ್ಲಿ ತುಂಬಾ ಸಾಯುತ್ತೇನೆ ಅಂತ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ.

ಆಟಗಳು ಇಷ್ಟೊಂದು ಶಿಕ್ಷೆ ಕೊಡೋದು ಯಾಕೆ ಅಂತ ಕೇಳಿದರೆ ಹಳೆಯ ಕಾರಣ ತೀರಾ ಸರಳ. ದುಡ್ಡು. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಕಾಲದಲ್ಲಿ ಆಟ ಇರುತ್ತಿದ್ದುದು ಅಂಗಡಿಯ ಯಂತ್ರದಲ್ಲಿ. ನಾಣ್ಯ ಹಾಕಿ ಆಡಬೇಕು. ನೀವು ಬೇಗ ಔಟಾದರೆ ಮುಂದಿನ ನಾಣ್ಯ ಬೇಗ ಬೀಳುತ್ತದೆ. 1985ರ ಗೋಸ್ಟ್ಸ್ ಎನ್ ಗಾಬ್ಲಿನ್ಸ್ ನೋಡಿ. ಒಂದು ಏಟು ಬಿದ್ದರೆ ವೀರನ ಕವಚ ಕಳಚಿ ಚಡ್ಡಿಯಲ್ಲಿ ಓಡುತ್ತಾನೆ, ಇನ್ನೊಂದು ಏಟಿಗೆ ಸತ್ತ. ಹೇಗೋ ಕೊನೆ ಮುಟ್ಟಿದರೆ, ಇದು ಸೈತಾನನ ಮಾಯೆ, ಮತ್ತೆ ಮೊದಲಿಂದ ಆಡು ಅನ್ನುತ್ತದೆ. ನಿಜವಾದ ಕೊನೆ ನೋಡೋಕೆ ಎರಡು ಸಲ ಮುಗಿಸಬೇಕು. ಇದೇ ಆಟಗಳು ಮನೆಯ ಯಂತ್ರಗಳಿಗೆ ಬಂದಾಗ ನಾಣ್ಯ ಹೋಯಿತು, ಅಭ್ಯಾಸ ಉಳಿಯಿತು. ಆಗ ಒಂದು ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದ ಆಟವೂ ಚಿಕ್ಕದು. ಕಷ್ಟ ಮಾಡದಿದ್ದರೆ ಒಂದೇ ಸಂಜೆಗೆ ಮುಗಿದುಹೋಗುತ್ತಿತ್ತು.

ಆ ಕಾಲದಲ್ಲೂ ಎಲ್ಲರಿಗೂ ಇದು ಒಗ್ಗುತ್ತಿರಲಿಲ್ಲ. 1986ರಲ್ಲಿ ಜಪಾನಿನಲ್ಲಿ ಸೂಪರ್ ಮಾರಿಯೋದ ಎರಡನೇ ಭಾಗ ಬಂತು. ಇದು ನಮ್ಮವರಿಗೆ ವಿಪರೀತ ಕಷ್ಟ ಅಂತ ನಿಂಟೆಂಡೋದ ಅಮೆರಿಕ ಶಾಖೆ ಅದನ್ನು ಬೇಡ ಅಂದಿತು. ಬೇರೆ ಯಾವುದೋ ಆಟದ ಪಾತ್ರಗಳನ್ನು ಬದಲಾಯಿಸಿ, ಮಾರಿಯೋವನ್ನು ಕೂರಿಸಿ, 1988ರಲ್ಲಿ ಅದನ್ನೇ ಎರಡನೇ ಭಾಗ ಅಂತ ಮಾರಿದರು. ಅಮೆರಿಕದ ಮಕ್ಕಳಿಗೆ ಅಸಲಿ ಆಟ ಸಿಕ್ಕಿದ್ದು 1993ರಲ್ಲಿ.

ನಿಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಕಾಂಟ್ರಾ. ನಮ್ಮ ಊರುಗಳಲ್ಲಿ ಟಿವಿ ಗೇಮ್ ಅಂತ ಸಿಗುತ್ತಿದ್ದ ಯಂತ್ರಗಳಲ್ಲಿ ಅದನ್ನು ಆಡದವರು ಕಡಿಮೆ. ಒಂದು ಗುಂಡು ತಗುಲಿದರೆ ಒಂದು ಲೈಫ್ ಹೋಯಿತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಅಂತ ಒತ್ತಿದರೆ 30 ಲೈಫ್ ಸಿಗುತ್ತಿತ್ತು. ಈ ಗುಟ್ಟಿನ ಹುಟ್ಟು ಗೊತ್ತಾ? ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ 1986ರಲ್ಲಿ ಗ್ರೇಡಿಯಸ್ ಅನ್ನೋ ಆಟವನ್ನು ಮನೆಯ ಯಂತ್ರಕ್ಕೆ ತರುತ್ತಿದ್ದರು. ಪರೀಕ್ಷೆ ಮಾಡೋಕೆ ಆಟವನ್ನು ಕೊನೆವರೆಗೆ ಆಡಬೇಕಲ್ವಾ? ಅವರ ಕೈಲಿ ಆಗಲಿಲ್ಲ, ಅಷ್ಟು ಕಷ್ಟ ಇತ್ತು. ಅದಕ್ಕೇ ತಮಗಾಗಿ ಈ ಬಟನ್‌ಗಳ ಸಾಲನ್ನು ಇಟ್ಟುಕೊಂಡರು. ಆಮೇಲೆ ಅದು ಆಟದಲ್ಲೇ ಉಳಿಯಿತು, ಕಾಂಟ್ರಾಗೂ ಬಂತು. 30 ಲೈಫ್ ಇಟ್ಟುಕೊಂಡು ಕಾಂಟ್ರಾ ಮುಗಿಸಿದ ಮಕ್ಕಳಿಗೆ ಅವತ್ತು ಯಾರೂ ನೀವು ಆಟಗಾರರೇ ಅಲ್ಲ ಅನ್ನಲಿಲ್ಲ.

ಆದರೆ ಶಿಕ್ಷೆ ಅನ್ನೋದು ಬರೀ ದುಡ್ಡಿನ ತಂತ್ರ ಅಂತ ನಾನು ಹೇಳಲ್ಲ. ಈ ಆಟಗಳ ಪರವಾಗಿ ಹೇಳಬೇಕಾದ್ದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಒಂದು ಜಾಗ ಇದೆ. ಫೈರ್‌ಲಿಂಕ್ ಶ್ರೈನ್ ಅನ್ನೋ ನೆಮ್ಮದಿಯ ತಾಣದಿಂದ ಹೊರಟು, ಊರಿನ ಓಣಿಗಳಲ್ಲಿ ಹೆದರಿ ಹೆದರಿ ನಡೆದು, ಸೇತುವೆ ದಾಟಿ, ಒಂದು ಹಾಳು ಚರ್ಚ್ ತಲುಪುತ್ತೀರಿ. ಶತ್ರುಗಳನ್ನು ಕೊಂದು ಗಳಿಸಿದ ಸೋಲ್ಸ್, ಅಂದರೆ ಆ ಆಟದ ಹಣ, ಎಲ್ಲ ಮೈಮೇಲೆ ಇದೆ. ಸತ್ತರೆ ಅದು ಸತ್ತ ಜಾಗದಲ್ಲೇ ಬೀಳುತ್ತದೆ. ಎತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಯಿತು. ಮನೆಯಿಂದ ಎಷ್ಟು ದೂರ ಬಂದಿದ್ದೀರೋ ಗೊತ್ತಿಲ್ಲ. ಅಲ್ಲೊಂದು ಲಿಫ್ಟ್ ಕಾಣುತ್ತದೆ. ಹತ್ತುತ್ತೀರಿ, ಅದು ಕೆಳಗೆ ಇಳಿಯುತ್ತಾ ಹೋಗುತ್ತದೆ. ಬಾಗಿಲಾಚೆ ನೋಡಿದರೆ ಫೈರ್‌ಲಿಂಕ್ ಶ್ರೈನ್! ಹೊರಟ ಜಾಗಕ್ಕೇ ಬಂದು ನಿಂತಿದ್ದೀರಿ. ಆ ಕ್ಷಣದ ಸಮಾಧಾನವನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ. ಅದಕ್ಕೆ ಕಾರಣ ಶಿಕ್ಷೆಯೇ. ಕಳೆದುಕೊಳ್ಳುವ ಭಯ ಇಲ್ಲದಿದ್ದರೆ ಅದು ಬರೀ ಒಂದು ಲಿಫ್ಟ್.

ಅಂದರೆ ಈ ಆಟಗಳಲ್ಲಿ ಶಿಕ್ಷೆಗೆ ಒಂದು ಕೆಲಸ ಇದೆ. ಅದನ್ನು ತೆಗೆದರೆ ಆಟ ಬೇರೆಯೇ ಆಗುತ್ತದೆ. ನನ್ನ ಪ್ರಕಾರ ಇದು ಗೊತ್ತಾದ ಮೇಲೆ ಇಷ್ಟವಿಲ್ಲ ಅನ್ನೋದು ಇನ್ನೂ ಸುಲಭ. ಆಟ ಏನು ಕೊಡುತ್ತದೆ, ಬದಲಿಗೆ ಏನು ಕೇಳುತ್ತದೆ ಅಂತ ನಿಮಗೆ ಗೊತ್ತು. ಆ ಬೆಲೆ ನನಗೆ ಬೇಡ ಅಂತೀರಿ. ಅಷ್ಟೇ.

ನನ್ನ ಉದಾಹರಣೆಯನ್ನೇ ಕೊಡುತ್ತೇನೆ. ಆಟಗಳ ಬಗ್ಗೆ ಬರೆಯೋದೇ ನನ್ನ ಕೆಲಸ, ಆದರೂ ರೋಗ್‌ಲೈಕ್ ಆಟಗಳು ನನಗೆ ಹಿಡಿಸಲ್ಲ. ಹೆಸರು ಬಂದದ್ದು 1980ರ ರೋಗ್ ಅನ್ನೋ ಆಟದಿಂದ. ಮೈಕಲ್ ಟಾಯ್, ಗ್ಲೆನ್ ವಿಚ್‌ಮನ್ ಅನ್ನೋ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಮಾಡಿದ್ದು, ಆಮೇಲೆ ಕೆನ್ ಆರ್ನಾಲ್ಡ್ ಸೇರಿಕೊಂಡರು. ಅದರಲ್ಲಿ ಚಿತ್ರ ಇಲ್ಲ, ಅಕ್ಷರಗಳೇ ಗೋಡೆ, ಅಕ್ಷರಗಳೇ ರಾಕ್ಷಸರು. ಪ್ರತಿ ಸಲ ಆಡಿದಾಗಲೂ ನೆಲಮಾಳಿಗೆ ಹೊಸದಾಗಿ ರಚನೆಯಾಗುತ್ತದೆ. ಸತ್ತರೆ ಮೊದಲಿಂದ. ಸೇವ್ ಮಾಡಿ ಎದ್ದು ಹೋಗಬಹುದು, ಆದರೆ ವಾಪಸ್ ಬಂದು ತೆರೆದ ಕೂಡಲೇ ಆ ಸೇವ್ ಅಳಿಸಿಹೋಗುತ್ತದೆ. ಸತ್ತಮೇಲೆ ಹಿಂದೆ ಹೋಗಿ ಸರಿಮಾಡಿಕೊಳ್ಳೋ ದಾರಿಯೇ ಇಲ್ಲ. ತುಂಬಾ ಜಾಣ ವಿನ್ಯಾಸ ಅದು, ಅದರಿಂದ ಒಂದು ದೊಡ್ಡ ಸಂತತಿಯೇ ಹುಟ್ಟಿದೆ. ಆದರೆ ನನಗೆ ಆಟದ ಜಾಗ ನೆನಪಿನಲ್ಲಿ ಉಳಿಯಬೇಕು. ಈ ತಿರುವಿನಲ್ಲಿ ನಾಯಿ ಇದೆ, ಆ ಮೆಟ್ಟಿಲ ಹಿಂದೆ ಪೆಟ್ಟಿಗೆ ಇದೆ ಅಂತ ಗೊತ್ತಾಗೋದೇ ನನಗೆ ಆಟದ ಸುಖ. ಪ್ರತಿ ಸಲ ಜಾಗವೇ ಬದಲಾದರೆ ನನಗೆ ಹಿಡಿದುಕೊಳ್ಳೋಕೆ ಏನೂ ಇರಲ್ಲ. ಆ ಆಟಗಳು ಕೆಟ್ಟವು ಅಂತಲ್ಲ. ನನಗೆ ಬೇಕಾದ್ದು ಅಲ್ಲಿಲ್ಲ. ನೀವೂ ಹೀಗೆ ನಿಮ್ಮ ಕಾರಣ ಹುಡುಕಿಕೊಳ್ಳಿ. ಕಾರಣ ಗೊತ್ತಾದರೆ ಸಿಟ್ಟು ಅರ್ಧ ಇಳಿಯುತ್ತದೆ.

ಈಗ ಮಾರ್ಗಿಟ್‌ಗೆ ಬರೋಣ. ನೀವು ಅವನ ಹತ್ತಿರ ಯಾಕೆ ಸಾಯುತ್ತಿದ್ದೀರಿ ಅನ್ನೋದು ನನಗೆ ಹೆಚ್ಚುಕಡಿಮೆ ಗೊತ್ತು, ಎಲ್ಲರೂ ಸಾಯೋದು ಅಲ್ಲೇ. ಅವನು ಕೋಲನ್ನು ತಲೆಮೇಲೆ ಎತ್ತುತ್ತಾನೆ. ನೀವು ಏಟು ಬಂತು ಅಂತ ಉರುಳುತ್ತೀರಿ. ಅವನು ಹೊಡೆಯಲ್ಲ, ಎತ್ತಿದ ಕೋಲನ್ನು ಹಾಗೇ ಹಿಡಿದಿರುತ್ತಾನೆ. ನೀವು ಉರುಳಿ ಎದ್ದು ನಿಂತಾಗ ಏಟು ಬೀಳುತ್ತದೆ. ಬೇರೆ ಆಟಗಳಲ್ಲಿ ಕೈ ಎತ್ತಿದರೆ ಏಟು ಬಂತು ಅಂತಲೇ ಅರ್ಥ, ವರ್ಷಗಟ್ಟಲೆ ನಿಮ್ಮ ಬೆರಳು ಅದನ್ನೇ ಕಲಿತಿದೆ. ಮಾರ್ಗಿಟ್ ಆ ಅಭ್ಯಾಸಕ್ಕೇ ಏಟು ಕೊಡುತ್ತಾನೆ. ಎತ್ತುವ ಕೈ ನೋಡಬೇಡಿ, ಇಳಿಯುವ ಕೈ ನೋಡಿ.

ಇನ್ನೊಂದು ವಿಷಯ. ಮಾರ್ಗಿಟ್ ನೀವು ಮೊದಲು ಹೊಡೆಯಬೇಕಾದ ಬಾಸ್ ಅಲ್ಲ. ದಾರಿ ತೋರಿಸುವ ಬಂಗಾರದ ಬೆಳಕು ಅವನ ಕಡೆಗೇ ಕೈತೋರುತ್ತದೆ, ಅದನ್ನು ನಂಬಿ ಎಲ್ಲರೂ ಸೀದಾ ಹೋಗುತ್ತಾರೆ. ಅವನನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ, ವೀಪಿಂಗ್ ಪೆನಿನ್ಸುಲಾ ಅನ್ನೋ ಇಡೀ ಪ್ರದೇಶ ಇದೆ. ನಿಮಗೆ ಇಷ್ಟವಾದ ಸುತ್ತಾಟವನ್ನೇ ಅಲ್ಲಿ ಮಾಡಿ. ಸಿಕ್ಕ ರೂನ್‌ಗಳನ್ನು (ಈ ಆಟದ ಹಣ) ಮೊದಲು ವಿಗರ್‌ಗೆ, ಅಂದರೆ ನಿಮ್ಮ ಜೀವಬಲಕ್ಕೆ ಹಾಕಿ, ಒಂದು ಆಯುಧವನ್ನು ಸಾಣೆಕಲ್ಲುಗಳಿಂದ ಬಲಪಡಿಸಿ. ಮುರ್ಕ್‌ವಾಟರ್ ಗುಹೆಯಲ್ಲಿ ಪ್ಯಾಚಸ್ ಅನ್ನೋ ವ್ಯಾಪಾರಿ 5000 ರೂನ್‌ಗೆ ಒಂದು ಸಂಕೋಲೆ ಮಾರುತ್ತಾನೆ, ಅದು ಮಾರ್ಗಿಟ್‌ನನ್ನು ಸ್ವಲ್ಪ ಹೊತ್ತು ನೆಲಕ್ಕೆ ಕಟ್ಟಿಹಾಕುತ್ತದೆ. ಬಾಸ್ ಬಾಗಿಲ ಮುಂದೆ ರೋಜಿಯರ್ ಅನ್ನೋ ಮಾಂತ್ರಿಕನನ್ನು ಸಹಾಯಕ್ಕೆ ಕರೆಯಬಹುದು, ಅದಕ್ಕೆ ಇಂಟರ್‌ನೆಟ್ ಬೇಡ, ಪ್ಲೇಸ್ಟೇಷನ್ ಪ್ಲಸ್ ಚಂದಾನೂ ಬೇಡ. ಚರ್ಚ್ ಆಫ್ ಎಲ್ಲೆ ಅನ್ನೋ ಜಾಗದಲ್ಲಿ ರೆನ್ನಾ ಅನ್ನೋ ಮಾಟಗಾತಿ ತೋಳಗಳ ಆತ್ಮಗಳನ್ನೂ ಅವನ್ನು ಕರೆಯುವ ಕೈಗಂಟೆಯನ್ನೂ ಕೊಡುತ್ತಾಳೆ, ಅವಳನ್ನು ನೀವು ಭೇಟಿ ಮಾಡಿದ್ದರೆ ಆ ತೋಳಗಳನ್ನೂ ಬಾಸ್ ಮೇಲೆ ಬಿಡಬಹುದು. ಇದ್ಯಾವುದೂ ಬೇಡ ಅಂದರೆ ಕೋಟೆಯ ಪಕ್ಕದಲ್ಲಿ ಬೆಟ್ಟದ ಅಂಚಿನ ದಾರಿ ಇದೆ. ಮಾರ್ಗಿಟ್‌ನನ್ನೂ ಇಡೀ ಕೋಟೆಯನ್ನೂ ಬಿಟ್ಟು ಆಚೆ ಕಡೆಯ ಲಿಯುರ್ನಿಯಾಗೆ ಹೋಗಿಬಿಡಬಹುದು. ಕುದುರೆ ಮೇಲೆ ನೋಡೋಕೆ ಅಲ್ಲಿ ನೀರು, ಮಂಜು, ಮುಳುಗಿದ ಊರು ಎಲ್ಲ ಇದೆ.

ತಮ್ಮ ಇದನ್ನು ಮೋಸ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಇವೆಲ್ಲ ಆಟ ಮಾಡಿದವರೇ ಇಟ್ಟ ದಾರಿಗಳು. ಎಲ್ಡನ್ ರಿಂಗ್‌ಗೆ ಸುಲಭ ಮೋಡ್ ಇಲ್ಲ ಅಂತ ಜನ ಹೇಳುತ್ತಾರೆ. ಮೆನುವಿನಲ್ಲಿ ಇಲ್ಲ, ನಿಜ. ಆದರೆ ಆಟದ ಒಳಗೆ ಹರಡಿಕೊಂಡಿದೆ. ಇದೇ ಕಂಪನಿಯ 2019ರ ಸೆಕಿರೋದಲ್ಲಿ ಈ ದಾರಿಗಳಿಲ್ಲ. ಅಲ್ಲಿ ಯಾರನ್ನೂ ಸಹಾಯಕ್ಕೆ ಕರೆಯೋಕೆ ಆಗಲ್ಲ, ರೂನ್ ಕೂಡಿಟ್ಟು ಬಲ ಹೆಚ್ಚಿಸಿಕೊಳ್ಳೋಕೂ ಆಗಲ್ಲ. ಕತ್ತಿಗೆ ಕತ್ತಿ ಕೊಡುವ ತಾಳ ಕೈಗೆ ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನೀವು ಅದನ್ನು ಮಾತ್ರ ಮುಟ್ಟಬೇಡಿ.

ವಯಸ್ಸಿನ ಪ್ರಶ್ನೆ. 34 ಅನ್ನೋದು ಈ ಆಟಕ್ಕೆ ವಯಸ್ಸೇ ಅಲ್ಲ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸಾಮಾನ್ಯವಾಗಿ ಕಾಲು ಸೆಕೆಂಡಿನ ಆಸುಪಾಸು ಬೇಕು. ವಯಸ್ಸಿನ ಜೊತೆ ಅದು ನಿಧಾನವಾಗುತ್ತದೆ, ಆದರೆ ನಿಮ್ಮ ವಯಸ್ಸಿಗೆ ಗೊತ್ತಾಗುವಷ್ಟಲ್ಲ. ಅದಕ್ಕಿಂತ ಮೊದಲು ನಿಮ್ಮ ಟಿವಿ ನೋಡಿ. ಎಷ್ಟೋ ಟಿವಿಗಳು ಚಿತ್ರ ಚಂದ ಮಾಡೋಕೆ ಅಂತ ಒಳಗೆ ಲೆಕ್ಕ ಹಾಕುತ್ತಾ ಕೂರುತ್ತವೆ. ಅದರಿಂದ ನೀವು ಬಟನ್ ಒತ್ತಿದ್ದು ಪರದೆಯಲ್ಲಿ ಕಾಣೋಕೆ 100 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾಗಬಹುದು. ನಿಮ್ಮ ಕಾಲು ಸೆಕೆಂಡಿನ ಮೇಲೆ ಅದು ಸೇರಿಕೊಂಡರೆ ಸರಿಯಾದ ಹೊತ್ತಿಗೆ ಒತ್ತಿದ ಉರುಳಾಟವೂ ತಡವಾಗುತ್ತದೆ. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಅಂತ ಇರುತ್ತದೆ, ಅದನ್ನು ಹಾಕಿ ಒಮ್ಮೆ ಆಡಿ ನೋಡಿ. ತಮ್ಮ ಕಂಪ್ಯೂಟರ್ ಮಾನಿಟರ್‌ನಲ್ಲಿ ಆಡುತ್ತಿದ್ದರೆ ಅವನಿಗೂ ನಿಮಗೂ ಇರುವ ವ್ಯತ್ಯಾಸ ಅಲ್ಲೇ ಅರ್ಧ ಇರಬಹುದು.

ಮಗು ಎದ್ದು ಅತ್ತರೆ ಆಟ ನಿಲ್ಲಿಸೋಕೆ ಆಗಲ್ಲ ಅನ್ನೋದೂ ನಿಮ್ಮ ಕಿರಿಕಿರಿಯಲ್ಲಿ ಸೇರಿರಬೇಕು. ಎಲ್ಡನ್ ರಿಂಗ್‌ನಲ್ಲಿ ಪಾಜ್ ಬಟನ್ ಇಲ್ಲ. ಮಕ್ಕಳಿರುವ ಮನೆಗೆ ಇದು ನಿಜವಾದ ತೊಂದರೆ, ಇದರಿಂದ ಆಟಕ್ಕೆ ಅಂಥಾ ಲಾಭವೇನೂ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದು ಉಪಾಯ ಇದೆ. ಸಾಮಾನುಗಳ ಮೆನು ತೆರೆದು, ಹೆಲ್ಪ್ ಒತ್ತಿ, ಮೆನು ಎಕ್ಸ್‌ಪ್ಲನೇಷನ್ ಆರಿಸಿದರೆ ಆಟ ಅಲ್ಲೇ ನಿಲ್ಲುತ್ತದೆ.

ಸುಲಭ ಮೋಡ್ ಇರಬೇಕಾ ಬೇಡವಾ ಅನ್ನೋದು ವರ್ಷಗಳ ಜಗಳ. ನಾನು ಇರಬೇಕು ಅನ್ನುವ ಕಡೆ. ಸೆಲೆಸ್ಟ್‌ನಲ್ಲಿ ಅಸಿಸ್ಟ್ ಮೋಡ್ ಇದೆ, ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು, ಸಾವೇ ಬರದ ಹಾಗೆ ಮಾಡಿಕೊಳ್ಳಬಹುದು. 2020ರ ಹೇಡೀಸ್‌ನಲ್ಲಿ ಗಾಡ್ ಮೋಡ್ ಹಾಕಿದರೆ ನಿಮಗೆ ಬೀಳುವ ಏಟು ಶೇ 20ರಷ್ಟು ಕಡಿಮೆಯಾಗುತ್ತದೆ, ಸತ್ತ ಪ್ರತಿ ಸಲವೂ ಇನ್ನೂ ಶೇ 2 ಇಳಿಯುತ್ತದೆ. ಇದರಿಂದ ಆ ಆಟಗಳ ಮರ್ಯಾದೆ ಏನೂ ಹೋಗಲಿಲ್ಲ. ಕೈಬೆರಳು ಸರಿಯಾಗಿ ಆಡದವರು, ಕಣ್ಣು ಮಂಜಾದವರು ಕೂಡ ಆಡುತ್ತಾರೆ. ಡಾರ್ಕ್ ಸೋಲ್ಸ್ ಮಾದರಿಯ ಲೈಸ್ ಆಫ್ ಪಿ ಅನ್ನೋ ಆಟ 2023ರಲ್ಲಿ ಒಂದೇ ಮಟ್ಟದಲ್ಲಿ ಬಂತು, 2025ರಲ್ಲಿ ಅದಕ್ಕೆ ಸುಲಭದ ಆಯ್ಕೆಗಳನ್ನು ಸೇರಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಲ್ಕ್‌ಸಾಂಗ್ ಅನ್ನೋ ಇನ್ನೊಂದು ಕಷ್ಟದ ಆಟ ಬಂದಾಗ ಶುರುವಿನ ಕೆಲವು ಬಾಸ್‌ಗಳನ್ನು ಸ್ವಲ್ಪ ದಿನದಲ್ಲೇ ಸಡಿಲ ಮಾಡಿದರು. ಕಷ್ಟದ ಸರಿಯಾದ ಮಟ್ಟ ಅಂತ ಆಕಾಶದಿಂದ ಇಳಿದದ್ದು ಯಾವುದೂ ಇಲ್ಲ, ಮಾಡಿದವರ ಅಂದಾಜು ಅದು. ಪಕ್ಕದ ಮನೆಯವರು ಸುಲಭ ಮೋಡ್‌ನಲ್ಲಿ ಆಡಿದರೆ ನನ್ನ ಗೆಲುವು ಕರಗಿಹೋಗಲ್ಲ. ಆದರೂ ಮಿಯಾಜಾಕಿ ಅವರಿಗೆ ಬೇಡ ಅನಿಸಿದರೆ ಅದು ಅವರ ಹಕ್ಕು, ಕೊಳ್ಳದೇ ಇರುವುದು ನಮ್ಮ ಹಕ್ಕು.

ಕೊಳ್ಳುವ ಮೊದಲು ಗುರುತಿಸೋದು ಹೇಗೆ ಅಂದಿರಿ. ಯೂಟ್ಯೂಬ್‌ನಲ್ಲಿ ಗೆದ್ದವರ ವಿಡಿಯೋ ನೋಡಬೇಡಿ, ಸೋಲುತ್ತಿರುವವರ ವಿಡಿಯೋ ನೋಡಿ. ಸತ್ತಾಗ ಏನಾಗುತ್ತದೆ ಗಮನಿಸಿ. ಎಲ್ಲಿ ಎದ್ದ? ಮತ್ತೆ ಅದೇ ಜಾಗಕ್ಕೆ ಬರೋಕೆ ಎಷ್ಟು ಹೊತ್ತಾಯಿತು? ಕೈಯಲ್ಲಿದ್ದದ್ದು ಉಳಿಯಿತಾ? ಪಾಜ್ ಇದೆಯಾ, ಎಲ್ಲಿ ಬೇಕಾದರೂ ಸೇವ್ ಮಾಡಬಹುದಾ, ಕಷ್ಟದ ಮಟ್ಟ ಆರಿಸಬಹುದಾ ಅಂತ ತಿಳಿದುಕೊಳ್ಳಿ. ವಿವರಣೆಯಲ್ಲಿ ಸೋಲ್ಸ್‌ಲೈಕ್ (ಡಾರ್ಕ್ ಸೋಲ್ಸ್ ಥರದ್ದು), ರೋಗ್‌ಲೈಕ್, ಪರ್ಮಾಡೆತ್ (ಸತ್ತರೆ ಎಲ್ಲ ಹೋಗಿ ಮೊದಲಿಂದ) ಅಂತ ಕಂಡರೆ ಅವಸರ ಮಾಡಬೇಡಿ. ಗೆಟ್ಟಿಂಗ್ ಓವರ್ ಇಟ್ ಥರದ ಆಟ ಅಂದರೆ ಮುಟ್ಟಲೇಬೇಡಿ. ಹಂಡೆಯೊಳಗೆ ಕೂತ ಮನುಷ್ಯ ಸುತ್ತಿಗೆ ಹಿಡಿದು ಬೆಟ್ಟ ಹತ್ತುವ ಆ 2017ರ ಆಟದಲ್ಲಿ ಒಮ್ಮೆ ಜಾರಿದರೆ ತಳಕ್ಕೇ ಹೋಗಬಹುದು. ಒಂದು ಬಗೆಯ ಜನರನ್ನು ನೋಯಿಸೋಕೇ ಇದನ್ನು ಮಾಡಿದೆ ಅಂತ ಅದರ ಕರ್ತೃ ಬೆನೆಟ್ ಫಾಡಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮುಂದೆ ಎಂದಾದರೂ ಕಂಪ್ಯೂಟರ್‌ನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ಮೂಲಕ ಕೊಂಡರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಪಾತ್ರದ ಮುಖ ಮೂಗು ತಿದ್ದುವುದರಲ್ಲೇ ಒಂದು ಗಂಟೆ ಕಳೆಯಬೇಡಿ.

ನಿಮಗೆ ಇಷ್ಟವಾದದ್ದು ಕುದುರೆ, ಬಯಲು, ಹಾಳು ಕೋಟೆ. ಹಾಗಾದರೆ ಗೋಸ್ಟ್ ಆಫ್ ತ್ಸುಶಿಮಾ ನಿಮಗೆ ಹೇಳಿಮಾಡಿಸಿದ ಹಾಗಿದೆ. 13ನೇ ಶತಮಾನದ ಜಪಾನಿನ ದ್ವೀಪ, ದಾರಿ ತೋರಿಸಲು ಬಾಣದ ಗುರುತಿನ ಬದಲು ಗಾಳಿ ಬೀಸುತ್ತದೆ, ಕಷ್ಟದ ಮಟ್ಟವನ್ನು ನಡುವೆಯೇ ಇಳಿಸಬಹುದು. 2015ರ ವಿಚರ್ 3 ಕೂಡ ಅಷ್ಟೇ, ಕಥೆಗಾಗಿಯೇ ಒಂದು ಸುಲಭ ಮಟ್ಟ ಇದೆ. ಇನ್ನೊಂದು, ಸ್ವಲ್ಪ ಬೇರೆ ಥರದ್ದು, 2019ರ ಔಟರ್ ವೈಲ್ಡ್ಸ್. ಅದರಲ್ಲಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ನೀವು ಸಾಯುತ್ತೀರಿ, ಆದರೆ ತಿಳಿದುಕೊಂಡದ್ದು ಯಾವುದೂ ಹೋಗಲ್ಲ. ಅದು ನಿಮಗೆ ಹಿಡಿಸಿದರೆ, ನಿಮ್ಮ ಸಮಸ್ಯೆ ಸಾವಲ್ಲ, ಕಳೆದುಕೊಳ್ಳೋದು ಅನ್ನುವ ನನ್ನ ಅಂದಾಜು ಸರಿ ಅಂತಾಯಿತು. ರಾತ್ರಿ ಒಂದು ಗಂಟೆಗೆ ಅದು ಚೆನ್ನಾಗಿ ಹೊಂದುತ್ತದೆ.

ಕೊನೆಯದಾಗಿ ಡಿಸ್ಕ್. ಇವತ್ತೇ ಮಾರಬೇಡಿ. ಗೇಮ್ ಮೋಡ್ ಹಾಕಿ, ದಕ್ಷಿಣಕ್ಕೆ ಹೋಗಿ, ಒಂದು ವಾರ ಬಾಸ್‌ಗಳ ತಂಟೆಗೆ ಹೋಗದೆ ಸುತ್ತಾಡಿ. ಆಗಲೂ ಮಲಗುವಾಗ ಸಿಟ್ಟೇ ಉಳಿದರೆ ಮಾರಿಬಿಡಿ, ಸೆಕೆಂಡ್ ಹ್ಯಾಂಡ್‌ಗೆ ಕೊಳ್ಳುವವರು ಸಿಗುತ್ತಾರೆ. ಡಿಸ್ಕ್ ಹೋದರೂ ನಿಮ್ಮ ಸೇವ್ ಪಿಎಸ್5ನಲ್ಲೇ ಇರುತ್ತದೆ, ಅದನ್ನು ಮಾತ್ರ ಅಳಿಸಬೇಡಿ. ಮುಂದೆ ಮನಸ್ಸಾದರೆ ಯಾರ ಹತ್ತಿರವಾದರೂ ಡಿಸ್ಕ್ ತಂದು ಹಾಕಿ, ನಿಲ್ಲಿಸಿದ ಜಾಗದಿಂದಲೇ ಕುದುರೆ ಹತ್ತಬಹುದು.